ನಡೆಯಗೊಡದ ದಾರಿ

ಆಲ್ದೂರಿನ ಆ ಕಡೆಯ ರಸ್ತೆಯಲ್ಲಿ ತೋಟದ ಯಜಮಾನನೊಬ್ಬ ನಡೆದು ಹೋಗುತ್ತಿದ್ದಾನೆ ಎಂದರೆ ಅದಕ್ಕೆ ಎರಡೇ ಕಾರಣ ಇರಬೇಕು. ಒಂದೋ ಅವನ ಜೀಪು ಎಲ್ಲೋ ಕೆಟ್ಟು ನಿಂತಿದೆ, ಇಲ್ಲವೇ ಅವನ ಕಾಲ ಕೆಟ್ಟಿದೆ. ಯಾವುದೇ ಆದರೂ ಹಿಂದಿನಿಂದ ಬಂದವರು ಗಾಡಿ ನಿಲ್ಲಿಸಿ ಹತ್ತಿಸಿಕೊಳ್ಳಬೇಕು. ಕಂಡೂ ಕಾಣದಂತೆ ಹೋದರೆ ಮುಂದಿನ ಮದುವೆಮನೆಯಲ್ಲಿ ಆ ಮಾತು ಬಂದೇ ಬರುತ್ತದೆ. ಕರೆದಾಗ ಹತ್ತದೆ ಹೋದರಂತೂ ಅದು ಇನ್ನೂ ದೊಡ್ಡ ಮಾತು. ಇದನ್ನು ಯಾರೂ ಯಾರಿಗೂ ಕೂರಿಸಿ ಹೇಳಿಕೊಟ್ಟದ್ದಲ್ಲ. ಊಟಕ್ಕೆ ಎಲೆ ಹಾಕಿದ ಮೇಲೆ ಬಡಿಸಬೇಕು ಎನ್ನುವುದು ಹೇಗೆ ಗೊತ್ತೋ ಹಾಗೇ ಇದೂ ಗೊತ್ತು.

ಚಿಕ್ಕಮಗಳೂರಿನ ಡಾಕ್ಟರು ಬಯಲುಸೀಮೆಯವರು. ಅವರಿಗೆ ಇದು ಹೇಗೆ ತಿಳಿಯಬೇಕು? ತೊಂಬತ್ತೇಳರ ಸಂಕ್ರಾಂತಿ ಕಳೆದ ವಾರ ಅವರು ಮಂಜಯ್ಯನವರ ರಕ್ತದ ರಿಪೋರ್ಟನ್ನು ಮೇಜಿನ ಮೇಲಿಟ್ಟು, "ಸಕ್ಕರೆ ಕಾಯಿಲೆ ಶುರುವಾಗಿ ಎರಡು ವರ್ಷವಾದ್ರೂ ಆಗಿರಬೇಕು ಗೌಡ್ರೆ. ಬಿ.ಪಿ.ಯೂ ಇದೆ. ಮಾತ್ರೆ ಬರೆದು ಕೊಡ್ತೀನಿ. ಮಾತ್ರೆ ಒಂದೇ ಸಾಲದು, ನಡೀಬೇಕು. ದಿನಾ ಒಂದು ಗಂಟೆ," ಎಂದರು.

"ತೋಟ ಇರೋರಿಗೆ ನಡೆಯೋದು ಹೇಳ್ಕೊಡ್ಬೇಕಾ ಡಾಕ್ಟ್ರೆ," ಎಂದು ಮಂಜಯ್ಯ ನಕ್ಕರು.

"ಕೊನೇ ಸಲ ತೋಟ ಪೂರ್ತಿ ನಡೆದಿದ್ದು ಯಾವಾಗ?"

ಮಂಜಯ್ಯ ಉತ್ತರಕ್ಕಾಗಿ ಮಗಳ ಮುಖ ನೋಡಿದರು. ರೂಪಶ್ರೀ ನೆಲ ನೋಡಿದಳು. ಎರಡು ವರ್ಷದ ಕೆಳಗೆ ಕಾಫಿಗೆ ಕಂಡರಿಯದ ಬೆಲೆ ಬಂದಾಗ ಮನೆಗೆ ಜೀಪು ಬಂದಿತ್ತು. ಅದಕ್ಕೂ ಮುಂಚೆ ಅಪ್ಪಯ್ಯ ಬೆಳಿಗ್ಗೆ ಆಳುಗಳ ಹಾಜರಿ ಮುಗಿಸಿ ಬೆತ್ತ ಹಿಡಿದು ಹೊರಟರೆ ತೋಟದ ನಾಲ್ಕು ಮೂಲೆ ಮುಟ್ಟಿ ಬರುವಾಗ ಹತ್ತು ಗಂಟೆ. ಸಂತೆಗೆ ನಡಿಗೆ, ಬಸ್ಸಿಗೆ ನಡಿಗೆ. ಈಗ ಕಾಫಿ ಒಣಹಾಕುವ ಕಣಕ್ಕೂ ಜೀಪೇ. ಕಣವೆಂದರೆ ಮನೆಯ ಜಗುಲಿಯಿಂದ ಕೂಗಿದರೆ ಕೇಳುವಷ್ಟು ದೂರ. ಊಟ ಮಾತ್ರ ನಡೆಯುತ್ತಿದ್ದ ಕಾಲದ್ದೇ ಉಳಿದಿತ್ತು.

"ಮನೇಲಿ ಹಿರಿಯರು?"

"ಅವ್ವ ಇದಾರೆ. ಎಂಬತ್ತೆರಡು."

"ಅವರಿಗೇನಾದ್ರೂ ಕಾಯಿಲೆ?"

"ಅವರಿಗೆ ಕಾಯಿಲೆ ಬೀಳೋಕೆ ಪುರುಸೊತ್ತೆಲ್ಲಿದೆ."

"ಹಾಗಾದ್ರೆ ನನ್ನ ಮಾತು ಬೇಡ. ಅವರು ಇರೋ ಹಾಗೆ ಇರಿ, ಸಾಕು."

"ಅವರು ಬೇಯಿಸಿದ್ದನ್ನೇ ತಿಂತಾ ಇರೋದಲ್ವಾ," ಎಂದು ಮಂಜಯ್ಯ ಮತ್ತೆ ನಕ್ಕರು. ಡಾಕ್ಟರು ನಗಲಿಲ್ಲ. ರೂಪಶ್ರೀಯ ಕಡೆ ತಿರುಗಿ, "ನೀವು ಓದಿದವರು. ಇವರನ್ನ ನಡೆಸೋ ಜವಾಬ್ದಾರಿ ನಿಮ್ಮದು," ಎಂದರು.

ಓದಿದವಳು ಹೌದು. ಬಿ.ಎ. ಮುಗಿಸಿ ಮನೆಗೆ ಬಂದು ಒಂದು ವರ್ಷವಾಗಿತ್ತು. ಆದರೆ ಹೇಳಬೇಕಾದ್ದನ್ನು ಹೇಳಬೇಕಾದ ಹೊತ್ತಿನಲ್ಲಿ ಹೇಳುವುದು ಯಾವ ಕಾಲೇಜಿನಲ್ಲೂ ಅವಳಿಗೆ ಬಂದಿರಲಿಲ್ಲ. ನಾಲ್ಕು ಜನರೆದುರು ಬಾಯಿ ತೆರೆಯಬೇಕೆಂದರೆ ಮಾತು ಗಂಟಲವರೆಗೆ ಬಂದು, ಚಪ್ಪಲಿ ಬಿಡಲು ಜಾಗ ಕಾಣದ ನೆಂಟರ ಹಾಗೆ ಅಲ್ಲೇ ನಿಲ್ಲುತ್ತಿತ್ತು. ತನ್ನ ತಾಯಿ ತೀರಿಕೊಂಡ ಐದು ವರ್ಷದಿಂದ ಅದು ಇನ್ನೂ ಹೆಚ್ಚಾಗಿತ್ತು.

ವಾಪಸು ಬರುವಾಗ ಜೀಪಿನಲ್ಲಿ ಮಂಜಯ್ಯನವರೇ ಸ್ಟೀರಿಂಗ್ ಹಿಡಿದಿದ್ದರು. ರಸ್ತೆ ನೋಡುತ್ತಲೇ, "ಇದು ನಮ್ಮ ಮನೆ ಬಿಟ್ಟು ಹೊರಗೆ ಹೋಗೋದು ಬೇಡ ಮಗಾ," ಎಂದರು. "ಗೋಣಿಬೀಡಿನ ಸಂಬಂಧದ ಮಾತು ಕುದುರೋ ಹೊತ್ತು. ಅಪ್ಪಂಗೆ ಶುಗರ್ ಅಂದ್ರೆ ಮಗಳಿಗೂ ನಾಳೆ ಬರುತ್ತೆ ಅಂತಾರೆ. ಪುಟ್ಟಸ್ವಾಮಿ ಕಿವಿಗಂತೂ ಬೀಳಬಾರ್ದು."

ಪುಟ್ಟಸ್ವಾಮಿಗೌಡರದು ಪಕ್ಕದ ತೋಟ, ಒಂದು ಮೈಲಿ ದೂರ. ಗೋಣಿಬೀಡಿನ ಹುಡುಗ ಅವರ ತಂಗಿಯ ಮಗ. ಹುಡುಗನನ್ನು ರೂಪಶ್ರೀ ಒಮ್ಮೆ ನೋಡಿದ್ದಳು. ಅವನೂ ನೆಲ ನೋಡುವವನೇ. ಬೇಡವೆನ್ನಲು ಅವಳಿಗೆ ಕಾರಣವಿರಲಿಲ್ಲ, ಬೇಕೆನ್ನಲು ಧೈರ್ಯವಿರಲಿಲ್ಲ. "ಸರಿ ಅಪ್ಪಯ್ಯ," ಎಂದಳು.

*

ಮರುದಿನ ಆರೂವರೆಗೆ ಇಬ್ಬರೂ ಹೊರಟರು. ಗೇಟಿನಿಂದ ಹಳ್ಳದ ಮೋರಿಯವರೆಗೆ ಹೋಗಿ ಬಂದರೆ ಒಂದು ಗಂಟೆ. ರಸ್ತೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಮಂಜಯ್ಯ ತಲೆಗೆ ಮಫ್ಲರ್ ಸುತ್ತಿ, ಹಳೆಯ ಬೆತ್ತ ಹುಡುಕಿ ತಂದಿದ್ದರು. ಎರಡು ಫರ್ಲಾಂಗ್ ಹೋಗಿರಬೇಕು, ಹಿಂದೆ ಜೀಪಿನ ಸದ್ದಾಯಿತು.

"ಎಂಥ ಮಂಜಣ್ಣ, ಜೀಪು ಕೈ ಕೊಡ್ತಾ?" ಪುಟ್ಟಸ್ವಾಮಿಗೌಡರು ಬಾಗಿ ಈಚೆ ಬಾಗಿಲು ತೆಗೆದೇ ಬಿಟ್ಟಿದ್ದರು.

"ಇಲ್ಲ ಪುಟ್ಟಣ್ಣ. ಹಿಂಗೇ ಸುಮ್ನೆ ನಡೆಯೋಣ ಅಂತ."

"ಸುಮ್ನೆ ಯಾರಾದ್ರೂ ನಡೀತಾರಾ ಮಾರಾಯ. ಹತ್ತಿ ಹತ್ತಿ. ಛಳಿಯಲ್ಲಿ ಹುಡುಗೀನೂ ಕಟ್ಕೊಂಡು ಹೊರಟಿದೀರಿ."

ಮಂಜಯ್ಯ ಹತ್ತಿದರು. ರೂಪಶ್ರೀ ಹಿಂದೆ ಹತ್ತಿದಳು. ಜೀಪು ಸೀದಾ ಪುಟ್ಟಸ್ವಾಮಿಗೌಡರ ಅಂಗಳಕ್ಕೆ ಹೋಯಿತು. ಬೆಲ್ಲದ ಕಾಫಿ ಬಂತು, ಜೊತೆಗೆ ಹಬ್ಬಕ್ಕೆ ಮಾಡಿ ಮಿಕ್ಕ ಕಜ್ಜಾಯ ಬಂತು. ಒಂದು ಸಾಕು ಎಂದದ್ದಕ್ಕೆ ಎರಡು ಬಂತು. ಎಂಟಕ್ಕೆ ಅವರೇ ಮನೆಗೆ ತಂದು ಬಿಟ್ಟರು.

ಅಜ್ಜಿ ನಂಜಮ್ಮ ಆಗಲೇ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರು. ಅವರು ಎದ್ದು, ಕೊಟ್ಟಿಗೆ ಕೆಲಸ ನೋಡಿ, ತೋಟದೊಳಗಿನ ಕಾಲುದಾರಿಯಲ್ಲಿ ಹಳ್ಳದ ತನಕ ಹೋಗಿ, ಮಡಿಲು ತುಂಬ ಸೊಪ್ಪು ಮುರಿದು, ದಾರಿಯಲ್ಲಿ ಉದುರಿದ್ದ ಕಾಫಿ ಹಣ್ಣು ಹೆರಕಿಕೊಂಡು ಬಂದು ಒಂದು ಗಂಟೆಯಾಗಿತ್ತು. "ನಡೆದು ಹಸಿದು ಬಂದಿದಾನೆ ನನ್ನ ಮಗ," ಎಂದು ದಿನಕ್ಕಿಂತ ಒಂದು ರೊಟ್ಟಿ ಹೆಚ್ಚು ಹಾಕಿ ಮೇಲೆ ಬೆಣ್ಣೆ ಇಟ್ಟರು. ತಾವು ತಿಂದದ್ದು ಒಂದು, ಅದೂ ಸೊಪ್ಪಿನ ಪಲ್ಯದ ಜೊತೆ.

"ಅಜ್ಜಿ, ಡಾಕ್ಟ್ರು ಕಡಿಮೆ ತಿನ್ಬೇಕು ಅಂದಿದಾರೆ," ಎಂದಳು ರೂಪಶ್ರೀ. ಅಜ್ಜಿಯೆದುರು ಮಾತ್ರ ಅವಳ ಮಾತು ಹೊರಗೆ ಬರುತ್ತಿತ್ತು.

"ಆ ಡಾಕ್ಟ್ರಿಗೆ ವಯಸ್ಸೆಷ್ಟು?"

"ನಲವತ್ತಿರಬಹುದು."

"ನಂಗೆ ಎಂಬತ್ತೆರಡು. ಮನೇಲಿ ತಿನ್ನೋಕೆ ಇಟ್ಕೊಂಡು ಮಗಂಗೆ ಉಪವಾಸ ಕೆಡವು ಅಂತಾನಾ? ಸಕ್ಕರೆ ಬೇಡ ಅಂದ, ಬಿಟ್ಟಿದೀನಿ. ಬೆಲ್ಲ ಹಾಕ್ತಿದೀನಿ."

ಬೆಲ್ಲವೂ ಸಕ್ಕರೆಯೇ ಎಂದು ಅವಳು ಮೂರು ದಿನ ಹೇಳಿದಳು. ನಾಲ್ಕನೆಯ ದಿನ ಅಜ್ಜಿ, "ಹಾಗಾದ್ರೆ ನಿಮ್ಮಜ್ಜನ ಕಾಲದಲ್ಲಿ ಊರಿಗೂರೇ ಸಾಯಬೇಕಿತ್ತು," ಎಂದರು. ಅಜ್ಜನ ಕಾಲದಲ್ಲಿ ಊರಿಗೂರೇ ನಡೆಯುತ್ತಿತ್ತು ಎಂಬ ಉತ್ತರ ಅವಳಿಗೆ ಹೊಳೆಯುವ ಹೊತ್ತಿಗೆ ಅಜ್ಜಿ ಹಿತ್ತಲಿಗೆ ಹೋಗಿಯಾಗಿತ್ತು.

*

ಅಲ್ಲಿಂದ ಮುಂದೆ ಅಪ್ಪ ಮಗಳು ಆ ರಸ್ತೆಯಲ್ಲಿ ಒಂದು ದಿನವಾದರೂ ಮೋರಿ ಮುಟ್ಟಿದ್ದಿಲ್ಲ. ಆರಕ್ಕೇ ಹೊರಟರೆ ಹಾಲಿನ ವ್ಯಾನು ನಿಂತಿತು. ಏಳಕ್ಕೆ ಹೊರಟರೆ ಆಳು ತುಂಬಿಕೊಂಡು ಬರುವ ಲಾರಿ ನಿಂತು, ಡ್ರೈವರು ಪಕ್ಕದಲ್ಲಿ ಕೂತಿದ್ದ ಇಬ್ಬರನ್ನು ಹಿಂದಕ್ಕೆ ಕಳಿಸಿ, "ಬನ್ನಿ ಗೌಡ್ರೆ," ಎಂದ. ಒಂದು ದಿನ ಬಸ್ಸೇ ನಿಂತಿತು. ಅದು ಸ್ಟಾಪೂ ಅಲ್ಲ, ಅವರು ಕೈಯೂ ಮಾಡಿರಲಿಲ್ಲ. ಒಳಗಿನವರೆಲ್ಲ ಕಿಟಕಿಯಿಂದ ನೋಡುತ್ತಿರುವಾಗ ಬೇಡವೆನ್ನಲು ಮಂಜಯ್ಯನವರಿಗೆ ಆಗಲಿಲ್ಲ. ಆಲ್ದೂರಿಗೆ ಹೋಗಿ, ಹೋಟೆಲಿನಲ್ಲಿ ಕಾಫಿ ಕುಡಿದು, ಮುಂದಿನ ಬಸ್ಸಿಗೆ ವಾಪಸು ಬಂದರು.

ಹದಿನೈದು ದಿನದಲ್ಲಿ ಸುದ್ದಿ ಹುಟ್ಟಿತು. ಮಂಜಯ್ಯಗೌಡರು ಜೀಪು ಮಾರಿದರಂತೆ. ಇಲ್ಲ, ಜೀಪು ಶೆಡ್ಡಿನಲ್ಲಿದೆ, ಡೀಸೆಲಿಗೆ ಗತಿಯಿಲ್ಲವಂತೆ. ಒಂದು ಸಂಜೆ ಪುಟ್ಟಸ್ವಾಮಿಗೌಡರು ಬಂದು ಜಗುಲಿಯಲ್ಲಿ ಕೂತು, ಸುತ್ತಿ ಬಳಸಿ ಮಾತಾಡಿ, ಕೊನೆಗೆ ದನಿ ತಗ್ಗಿಸಿ, "ಮಂಜಣ್ಣ, ಸಂಕೋಚ ಮಾಡ್ಕೋಬೇಡಿ. ಬೆಳಿಗ್ಗೆ ಹೊತ್ತು ನಮ್ಮ ಡ್ರೈವರ್ ಗಿರಿ ಜೀಪು ತಂದು ನಿಮ್ಮ ಗೇಟಲ್ಲಿ ನಿಲ್ಲಿಸ್ತಾನೆ. ಎಲ್ಲಿಗೆ ಬೇಕೋ ಅಲ್ಲಿಗೆ ಹೋಗಿ ಬನ್ನಿ. ನಾಳೆ ಬೀಗರಾಗೋರು ನಾವು," ಎಂದರು. ಅವರ ಕಣ್ಣಿನಲ್ಲಿ ನೀರಿತ್ತು. ಮಂಜಯ್ಯ ಅವರ ಕೈ ಹಿಡಿದುಕೊಂಡರು.

ಅಂಥ ಒಳ್ಳೆಯತನವನ್ನು ಹೇಗೆ ತಡೆಯುವುದು? ಬೈದವರಿಗಾದರೆ ತಿರುಗಿ ಬೈಯಬಹುದು. ರೂಪಶ್ರೀ ಒಂದು ವಾಕ್ಯ ಸಿದ್ಧ ಮಾಡಿಕೊಂಡಳು. "ಡಾಕ್ಟ್ರು ನಡೀಬೇಕು ಅಂದಿದಾರೆ ಮಾವ, ನೀವು ಹೋಗಿ." ಇಷ್ಟೇ. ಬಚ್ಚಲಲ್ಲಿ ನೀರು ಕಾಯಿಸುವಾಗ ಹೇಳಿಕೊಂಡಳು, ಬಾವಿಕಟ್ಟೆಯಲ್ಲಿ ಹೇಳಿಕೊಂಡಳು. ಜೀಪು ನಿಂತಾಗ ಮಾತ್ರ ಅಪ್ಪಯ್ಯನ ಮುಖ ನೋಡುವಳು. ಆ ಮುಖದಲ್ಲಿ ಗೋಣಿಬೀಡು ಕಾಣುವುದು. ಹೇಳಿದರೆ ಅಪ್ಪಯ್ಯ ಇಷ್ಟೆಲ್ಲ ಮುಚ್ಚಿಟ್ಟದ್ದು ನೀರುಪಾಲು. ಹೇಳದಿದ್ದರೆ ಅಪ್ಪಯ್ಯನೇ. ಅವಳಿಗೋಸ್ಕರ ಮುಚ್ಚಿಟ್ಟ ಕಾಯಿಲೆ ಎಂಬುದು ನೆನಪಾದಾಗ ಅನ್ನ ಇಳಿಯುತ್ತಿರಲಿಲ್ಲ. ತಟ್ಟೆಯಲ್ಲಿ ಬಿಟ್ಟದ್ದನ್ನು ಅಜ್ಜಿ ಎತ್ತಿ ಅಪ್ಪಯ್ಯನ ತಟ್ಟೆಗೆ ಹಾಕುವರು, ದಂಡವಾಗಬಾರದೆಂದು.

ರಸ್ತೆ ಬೇಡ, ಅಜ್ಜಿ ನಡೆಯುವ ಕಾಲುದಾರಿಯಲ್ಲೇ ನಡೆಯೋಣ ಎಂಬುದು ಅವಳಿಗೆ ಹೊಳೆದದ್ದು ಫೆಬ್ರವರಿಯಲ್ಲಿ. ಅಲ್ಲಿ ಯಾವ ಜೀಪೂ ಬರುವಂತಿಲ್ಲ. ಮೊದಲ ಎರಡು ದಿನ ಚೆನ್ನಾಗಿತ್ತು. ಅಪ್ಪಯ್ಯ ಏದುಸಿರು ಬಿಡುತ್ತ ನಿಂತು, ತಾವು ಚಿಕ್ಕವರಿದ್ದಾಗ ನೆಟ್ಟ ಹಲಸಿನ ಮರ ತೋರಿಸಿದರು. ಮೂರನೆಯ ದಿನ ಮೇಸ್ತ್ರಿ ಭೂತಯ್ಯ ಹಿಂದಿನಿಂದ ಬಂದ. ಮೂವತ್ತು ವರ್ಷದಿಂದ ಆ ತೋಟದ ಆಳುಗಳನ್ನು ನೋಡಿಕೊಳ್ಳುತ್ತಿದ್ದವನು. ಕೈಯಲ್ಲಿ ಮನೆಯ ಕಬ್ಬಿಣದ ಮಡಚು ಕುರ್ಚಿಯಿತ್ತು.

"ಎಂಥಕ್ಕೋ ಅದು?"

"ಅಯ್ಯ ನಿಂತ್ಕೊಂಡು ಕೆಲಸ ನೋಡೋದು, ನಾನು ಸುಮ್ನಿರೋದು ಸರಿಯಾಗಲ್ಲ. ಕೂತ್ಕೊಂಡು ನೋಡಿ." ಕುರ್ಚಿ ಬಿಡಿಸಿಟ್ಟು, ತಲೆಯ ಬಟ್ಟೆ ತೆಗೆದು ಕೈಯಲ್ಲಿ ಹಿಂಡಿದ. "ಒಂದು ಮಾತು ಕೇಳ್ತೀನಿ. ಯಾರಾದ್ರೂ ನನ್ ಮೇಲೆ ಏನಾದ್ರೂ ಹೇಳಿದ್ರಾ? ಕೊಯ್ಲಿನ ಹೊತ್ತಲ್ಲಿ ಮೂರು ದಿನ ಬೆಳ್ ಬೆಳಿಗ್ಗೆ ತೋಟಕ್ಕೆ ಬಂದಿದೀರಿ. ಹಣ್ಣು ಆಚೆ ಹೋಗ್ತಿದೆ ಅಂತ ಅನುಮಾನವಾ?"

"ಛೆ, ಎಂಥ ಮಾತು ಭೂತಯ್ಯ."

"ಹೆಂಗಸ್ರೆಲ್ಲ ಕೇಳ್ತಿದಾರೆ. ಮುಖ ಎತ್ತಿ ಓಡಾಡೋಕಾಗ್ತಿಲ್ಲ ನಂಗೆ."

ಮಂಜಯ್ಯ ಕುರ್ಚಿಯಲ್ಲಿ ಕೂತರು. ಕೂರದಿದ್ದರೆ ಭೂತಯ್ಯ ನಂಬುತ್ತಿರಲಿಲ್ಲ. ಅರ್ಧ ಗಂಟೆ ಅವನ ಮೊಮ್ಮಗಳ ನಾಮಕರಣ, ಈ ಸಲದ ಇಳುವರಿ, ಎಲ್ಲ ಮಾತಾಡಿ ಅವನನ್ನು ಸಮಾಧಾನ ಮಾಡಿ ಮನೆಗೆ ಬಂದರು. ಆಮೇಲೆ ಆ ಕಡೆ ಹೋಗಲಿಲ್ಲ. "ಮೂವತ್ತು ವರ್ಷದ ಮನುಷ್ಯ ಮಗಾ, ಅವನ ಮನಸ್ಸು ನೋಯಿಸಿ ನಾನು ನಡೆದು ಏನಾಗ್ಬೇಕು," ಎಂದರು.

*

ಮಾರ್ಚಿನ ಕೊನೆಗೆ ಹೂಮಳೆ ಬಿತ್ತು. ಎಂಟನೆಯ ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ, ಮಲ್ಲಿಗೆಯಂಥ ಘಮ ರಸ್ತೆಯವರೆಗೂ ಬರುತ್ತಿತ್ತು. ಅಂದು ಬೆಳಿಗ್ಗೆ ಅಪ್ಪಯ್ಯನೇ, "ನಡಿ, ಹೂವು ನೋಡ್ಕೊಂಡು ಬರೋಣ," ಎಂದರು. ರಾತ್ರಿ ಸರಿಯಾಗಿ ನಿದ್ರೆ ಬಂದಿರಲಿಲ್ಲವೆಂದೂ ಎಡಗೈ ಜೋಮು ಹಿಡಿದ ಹಾಗಿದೆಯೆಂದೂ ಹೇಳಿದರು. ಕೈ ಅಡಿಗಿಟ್ಟು ಮಲಗಿದ್ದಿರಬೇಕು ಎಂದು ಅವರೇ ಸೇರಿಸಿದರು.

ರೂಪಶ್ರೀ ಅಂದು ನಿಶ್ಚಯ ಮಾಡಿಕೊಂಡಿದ್ದಳು. ಗೋಣಿಬೀಡು ಬೇಕಾದರೆ ಹೋಗಲಿ. ಜೀಪು ನಿಂತರೆ ಅಪ್ಪಯ್ಯನ ಮುಖ ನೋಡುವುದಿಲ್ಲ, ಮಾವನ ಮುಖ ನೋಡಿ ಹೇಳಿಬಿಡುತ್ತೇನೆ. ನೂರು ಮಾರು ನಡೆದರು. ಇನ್ನೂರು ನಡೆದರು. ಜೀಪು ಬಂತು.

"ಹತ್ತಿ ಮಂಜಣ್ಣ," ಎಂದರು ಪುಟ್ಟಸ್ವಾಮಿಗೌಡರು. ಈಗೀಗ ಅವರು ಕಾರಣವನ್ನೂ ಕೇಳುತ್ತಿರಲಿಲ್ಲ.

"ಮಾವ," ಎಂದಳು ರೂಪಶ್ರೀ.

ಅವರು ಅವಳ ಕಡೆ ತಿರುಗಿದರು. ಅವಳ ಬಾಯಿಂದ ಮಾತು ಬಂದದ್ದೇ ಅವರಿಗೆ ಆಶ್ಚರ್ಯವಾಗಿ, "ಏನಮ್ಮ, ಹೇಳು," ಎಂದು ನಗುತ್ತ ಕಾದರು. ಆ ನಗು ನೋಡಿ ಅವಳ ವಾಕ್ಯದ ಮೊದಲ ಪದ ಎಲ್ಲೋ ಜಾರಿತು. ಅದನ್ನು ಹುಡುಕುತ್ತಿರುವಾಗಲೇ ಅಪ್ಪಯ್ಯ ಜೀಪಿನ ಕಂಬಿಗೆ ಎಡಗೈ ಹಾಕಿದರು. ಕೈ ಕಂಬಿಯನ್ನು ಹಿಡಿಯಲಿಲ್ಲ. ಇನ್ನೊಮ್ಮೆ ಹಾಕಿದರು. ಯಾರದೋ ಕೈಯನ್ನು ನೋಡುವಂತೆ ಅದನ್ನೇ ನೋಡಿ, ಏನೋ ಹೇಳಲು ಹೋದರು. ಬಾಯಿ ಒಂದು ಪಕ್ಕಕ್ಕೆ ಎಳೆಯಿತು. ಹಾಗೇ ಕುಸಿದು ರಸ್ತೆಯ ಮೇಲೆ ಕೂತರು.

ಕೊನೆಗೂ ಅವರನ್ನು ಜೀಪಿಗೆ ಹತ್ತಿಸಬೇಕಾಯಿತು. ಚಿಕ್ಕಮಗಳೂರಿನವರೆಗೆ ಪುಟ್ಟಸ್ವಾಮಿಗೌಡರು ಹಾರನ್ ಮೇಲಿನ ಕೈ ತೆಗೆಯಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ರೂಪಶ್ರೀ, ಪುಟ್ಟಸ್ವಾಮಿಗೌಡರು ಇಬ್ಬರೂ ಮಧ್ಯಾಹ್ನದವರೆಗೆ ಕೂತಿದ್ದರು. ಜೀವಕ್ಕೆ ಅಪಾಯವಿಲ್ಲ, ಎಡಭಾಗ ಎಷ್ಟು ವಾಪಸು ಬರುತ್ತದೆ ಹೇಳಲಾಗುವುದಿಲ್ಲ ಎಂದು ಡಾಕ್ಟರು ಹೇಳಿ ಹೋದ ಮೇಲೆ ರೂಪಶ್ರೀಯ ಆ ವಾಕ್ಯ ತಾನೇ ತಾನಾಗಿ ಹೊರಗೆ ಬಂತು. ತಡೆಯಲು ಈಗ ಏನೂ ಇರಲಿಲ್ಲ.

"ಡಾಕ್ಟ್ರು ನಡೀಬೇಕು ಅಂದಿದ್ರು ಮಾವ. ಅಪ್ಪಯ್ಯಂಗೆ ಶುಗರ್ ಇತ್ತು. ಬಿ.ಪಿ.ಯೂ ಇತ್ತು. ಜನವರಿಯಿಂದ ಗೊತ್ತಿತ್ತು. ನಿಮಗೆ ಹೇಳಬಾರದು ಅಂತ."

ಬೈಯುತ್ತಾರೆ ಎಂದುಕೊಂಡಳು. ಗೋಣಿಬೀಡಿಗೆ ಇಂದೇ ಫೋನು ಹೋಗುತ್ತದೆ ಎಂದುಕೊಂಡಳು. ಪುಟ್ಟಸ್ವಾಮಿಗೌಡರು ಅಂಗಿಯ ಜೇಬಿಗೆ ಕೈ ಹಾಕಿ, ಸುತ್ತ ನೋಡಿ, ಒಂದು ಮಾತ್ರೆಯ ಪಟ್ಟಿ ತೆಗೆದು ಅಂಗೈಯಲ್ಲಿ ಮರೆಮಾಡಿ ತೋರಿಸಿದರು. ಮನೆಯಲ್ಲಿ ಅವಳು ಅಪ್ಪಯ್ಯನಿಗೆ ದಿನಾ ಕೊಡುತ್ತಿದ್ದ ಅದೇ ಬಿಳಿ ಮಾತ್ರೆ.

"ನಂಗೂ ಮೂರು ವರ್ಷ ಆಯ್ತು," ಎಂದರು. "ನಡೀರಿ ಅಂತ ನಂಗೂ ಹೇಳಿದಾರೆ. ಎಲ್ಲಿ ನಡೆಯೋದು? ನಡೆದ್ರೆ ನಿಮ್ಮಪ್ಪನೇ ಜೀಪು ನಿಲ್ಲಿಸ್ತಿದ್ದ." ಪಟ್ಟಿಯನ್ನು ಮತ್ತೆ ಜೇಬಿಗಿಟ್ಟರು. ಅರ್ಧ ನಗೆ, ಅರ್ಧ ಅಳುವಿನಂಥ ಏನೋ ಒಂದು ಅವರ ಮುಖದಲ್ಲಿ ಬಂದು ಹೋಯಿತು. "ನಮ್ಮ ಹುಡುಗನ ಮಾತು ಮುಗಿಯೋವರೆಗೆ ನಿಮ್ಮ ಮನೇಲಿ ಗೊತ್ತಾಗಬಾರ್ದು ಅಂತ ಇದ್ದೆ. ಸೋದರಮಾವಂಗೆ ಇದ್ರೆ ಹುಡುಗಂಗೂ ಅಂತೀರಿ ಅಂತ. ಯಾರಿಗೂ ಹೇಳ್ಬೇಡ ತಾಯಿ. ನಮ್ಮನೆಯವಳಿಗೂ ಗೊತ್ತಿಲ್ಲ."

"ಸರಿ ಮಾವ," ಎಂದಳು ರೂಪಶ್ರೀ. ಅವಳ ಬಾಯಿಗೆ ಅಷ್ಟು ಬೇಗ ಬರುವ ಮಾತು ಅದೊಂದೇ.

*

ಮೇ ತಿಂಗಳಲ್ಲಿ ಮಂಜಯ್ಯನವರನ್ನು ಕಣದಲ್ಲಿ ನಡೆಸಲು ಶುರುಮಾಡಿದರು. ಕಾಫಿಯೆಲ್ಲ ಮೂಟೆಯಾಗಿ ಹೋಗಿ ಕಣ ಖಾಲಿ ಬಿದ್ದಿತ್ತು. ಬಲಗೈಯನ್ನು ನಂಜಮ್ಮನ ಹೆಗಲ ಮೇಲಿಟ್ಟು, ಎಡಗಾಲನ್ನು ಎಳೆಯುತ್ತ, ಐವತ್ನಾಲ್ಕರ ಮಗ ಎಂಬತ್ತೆರಡರ ತಾಯಿಯ ಆಸರೆಯಲ್ಲಿ ಹೆಜ್ಜೆ ಹಾಕುತ್ತಿದ್ದರು. ಅವರ ಹಿಂದೆ ಎರಡು ಹೆಜ್ಜೆ ಬಿಟ್ಟು ಭೂತಯ್ಯ ಮಡಚು ಕುರ್ಚಿ ಹಿಡಿದು ಬರುತ್ತಿದ್ದ. ಮಂಜಯ್ಯ ಉಸಿರಿಗೆ ನಿಂತರೆ ಸಾಕು, ಕುರ್ಚಿ ಬಿಡಿಸುವ ಸದ್ದಾಗುತ್ತಿತ್ತು.

"ಬೇ-ಡ," ಎನ್ನುತ್ತಿದ್ದರು ಮಂಜಯ್ಯ. ಮಾತು ಇನ್ನೂ ತೊದಲುತ್ತಿತ್ತು.

"ಸುಸ್ತಾಗುತ್ತೆ ಅಯ್ಯಾ, ಒಂದ್ ಗಳಿಗೆ ಕೂತ್ಕಳಿ," ಎನ್ನುತ್ತಿದ್ದ ಭೂತಯ್ಯ. ಮಂಜಯ್ಯ ಕೂರುತ್ತಿದ್ದರು. ಡಾಕ್ಟರು ಹತ್ತು ಸುತ್ತು ಎಂದಿದ್ದರು. ಇದುವರೆಗೆ ನಾಲ್ಕಕ್ಕಿಂತ ಹೆಚ್ಚು ಆದದ್ದಿಲ್ಲ.

ಅಂದು ಮೂರನೆಯ ಸುತ್ತಿನಲ್ಲಿ ಗೇಟಿನ ಹತ್ತಿರ ಜೀಪು ನಿಂತಿತು. ಪುಟ್ಟಸ್ವಾಮಿಗೌಡರು ಇಳಿದು, ಕಣದ ಅಂಚಿನವರೆಗೆ ನಡೆದು ಬರುವಷ್ಟರಲ್ಲಿ ಹಣೆಯ ಬೆವರು ಒರೆಸಿಕೊಂಡರು. ಭೂತಯ್ಯ ಇನ್ನೊಂದು ಕುರ್ಚಿ ತಂದ. ಗೋಣಿಬೀಡಿನವರು ಆಷಾಢ ಕಳೆದ ಮೇಲೆ ಮದುವೆ ಇಟ್ಟುಕೊಳ್ಳೋಣ ಎಂದಿದ್ದಾರೆ ಎಂಬ ಸುದ್ದಿ ತಂದಿದ್ದರು. ಕಾಯಿಲೆಯ ಮಾತು ಅಲ್ಲಿ ಯಾರೂ ಎತ್ತಲಿಲ್ಲವಂತೆ. ಯಾಕೆ ಎತ್ತಲಿಲ್ಲ ಎನ್ನುವುದು ರೂಪಶ್ರೀಗೆ ಅರ್ಥವಾಯಿತು. ಅಲ್ಲೂ ಯಾರದೋ ಜೇಬಿನಲ್ಲಿ ಆ ಪಟ್ಟಿ ಇರಬೇಕು.

ನಂಜಮ್ಮ ಮಗನನ್ನು ಕುರ್ಚಿಯಲ್ಲಿ ಕೂರಿಸಿ ಒಳಗೆ ಹೋಗಿ, ಬೆಲ್ಲದ ಕಾಫಿಯನ್ನೂ ಆಗಷ್ಟೇ ಕರಿದ ಕಜ್ಜಾಯದ ತಟ್ಟೆಯನ್ನೂ ಮೊಮ್ಮಗಳ ಕೈಗೆ ಕೊಟ್ಟರು. "ಒಳ್ಳೇ ಸುದ್ದಿ ತಂದೋರು, ಬಾಯಿ ಸಿಹಿ ಮಾಡಿ ಕಳಿಸು."

ರೂಪಶ್ರೀ ತಟ್ಟೆ ಹಿಡಿದು ಪುಟ್ಟಸ್ವಾಮಿಗೌಡರ ಮುಂದೆ ನಿಂತಳು. ಅವರು ಅವಳ ಮುಖ ನೋಡಿದರು. ಬೇಡ ಎನ್ನಲು ನೀನೇ ಏನಾದರೂ ದಾರಿ ಮಾಡಿಕೊಡು ಎಂದು ಕೇಳುವ ಹಾಗೆ ನೋಡಿದರು. ವಾಕ್ಯ ಅವಳ ಗಂಟಲಿನಲ್ಲಿತ್ತು. ಹೇಳಿದರೆ ಅಜ್ಜಿಗೆ ಗೊತ್ತಾಗುತ್ತದೆ, ಭೂತಯ್ಯನಿಗೆ ಗೊತ್ತಾಗುತ್ತದೆ, ಸಂಜೆಯೊಳಗೆ ಆಲ್ದೂರಿಗೆ ಗೊತ್ತಾಗುತ್ತದೆ. ಹೇಳುವುದಿಲ್ಲವೆಂದು ಅವಳು ಮಾತು ಕೊಟ್ಟಿದ್ದಳು. ಪುಟ್ಟಸ್ವಾಮಿಗೌಡರು ಒಂದು ಕಜ್ಜಾಯ ತೆಗೆದುಕೊಂಡರು.

ಅತ್ತ ಕುರ್ಚಿಯಲ್ಲಿ ಅಪ್ಪಯ್ಯ ಬಲಗೈಯಿಂದ ಎಡ ಮೊಣಕಾಲನ್ನು ಎತ್ತಿ ಎತ್ತಿ ಇಡುತ್ತ, ಮತ್ತೆ ಏಳಲು ಯಾರಾದರೂ ಕೈ ಕೊಟ್ಟಾರೆಯೇ ಎಂದು ಕಾಯುತ್ತಿದ್ದರು.

"ಒಂದೇ ಹಾಕಿದೀಯಲ್ಲೇ," ಎಂದು ಬಾಗಿಲಿನಿಂದ ಅಜ್ಜಿ ಕೂಗಿದರು. "ಇನ್ನೊಂದು ಹಾಕು ಮಗಾ, ಅಷ್ಟು ದೂರದಿಂದ ಬಂದಿದಾರೆ."

ರೂಪಶ್ರೀ ಇನ್ನೊಂದು ಹಾಕಿದಳು.